ಐಎಸ್‌ಐ ಗುರುತಿದ್ದರೆ ಸಾಕೇ? ಗಿಣಿಗೇರಾದಿಂದ ಬಂದ ಪ್ರಶ್ನೆ

ಪ್ರಶ್ನೆ: ಕೊಪ್ಪಳ ತಾಲ್ಲೂಕಿನ ಗಿಣಿಗೇರಾ ಹತ್ತಿರ ಒಬ್ಬ ಗುತ್ತಿಗೆದಾರರ ಸ್ಟೋರ್ ನೋಡಿಕೊಳ್ಳುತ್ತೇನೆ. ನಮ್ಮ 45 ಜನ ಅದಿರಿನಿಂದ ಕಬ್ಬಿಣ ತೆಗೆಯುವ ಒಂದು ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ವೆಲ್ಡಿಂಗ್, ಗ್ಯಾಸ್ ಕಟಿಂಗ್, ಗ್ರೈಂಡಿಂಗ್, ಶಟ್‌ಡೌನ್‌ನಲ್ಲಿ ಕಿಲ್ನ್ (ಅದಿರು ಕಾಯಿಸುವ ಕುಲುಮೆ) ರಿಪೇರಿ, ಕ್ರಷರ್ ಕೆಳಗೆ ಚೆಲ್ಲಿದ ಮಾಲು ಎತ್ತುವ ಕೆಲಸ ಮಾಡುತ್ತಾರೆ. ಅವರಲ್ಲಿ 11 ಜನ ಹೆಣ್ಣುಮಕ್ಕಳು. ಈ ಸಲ ಹೆಲ್ಮೆಟ್, ಶೂ, ಗ್ಲೌಸ್, ಮಾಸ್ಕ್ ಎಲ್ಲ ಹೊಸದಾಗಿ ತರಬೇಕು. ಅಂಗಡಿಯಲ್ಲಿ ಒಬ್ಬ ಐಎಸ್‌ಐ ಅಂತಾನೆ, ಇನ್ನೊಬ್ಬ ಸಿಇ ಅಂತಾನೆ, ಮತ್ತೊಬ್ಬ ಐಎಸ್‌ಒ ಸರ್ಟಿಫಿಕೇಟ್ ತೋರಿಸ್ತಾನೆ. ರೇಟು ಒಂದಕ್ಕೊಂದು ಮೂರು ಪಟ್ಟು. ಯಾವುದನ್ನು ನಂಬಲಿ? ತಂದುಕೊಟ್ಟರೂ ನಮ್ಮವರು ಹಾಕಿಕೊಳ್ಳುವುದಿಲ್ಲ. ದುಡ್ಡು ಕೂಲಿಯಲ್ಲಿ ಹಿಡಿಯೋಣ ಅಂತಾರೆ ನಮ್ಮ ಸಾಹುಕಾರರು, ಅದು ಸರಿಯೇ? ಸ್ಟೋರಿನಲ್ಲಿ 30 ಹಳೆ ಹೆಲ್ಮೆಟ್ ಬಿದ್ದಿವೆ, ತೊಳೆದು ಕೊಡಬಹುದೇ?

ಉತ್ತರ: 11 ಜನ ಹೆಣ್ಣುಮಕ್ಕಳು ಎಂದು ಬೇರೆಯಾಗಿ ಎಣಿಸಿ ಬರೆದಿದ್ದೀರಿ. ಅದನ್ನು ಓದಿ ನನಗೆ ಸಂತೋಷವಾಯಿತು. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ಕಾರ್ಖಾನೆಗಳಲ್ಲಿ ಸುರಕ್ಷತಾ ಅಧಿಕಾರಿಯಾಗಿ ಇದ್ದಷ್ಟು ವರ್ಷವೂ ನನ್ನ ಮೇಜಿಗೆ ಬರುತ್ತಿದ್ದ ಇಂಡೆಂಟ್ ಚೀಟಿಯಲ್ಲಿ ‘ಶೂ, ಸೈಜ್ 8, ಇಷ್ಟು ಜೊತೆ’ ಎಂದಷ್ಟೇ ಇರುತ್ತಿತ್ತು. ಕಾಲು ಯಾರದು, ಅಳತೆ ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. ನಾಲ್ಕು ನಂಬರಿನ ಕಾಲಿಗೆ ಎಂಟರ ಶೂ ಕೊಟ್ಟು, ಅವಳು ಅದನ್ನು ಮೂಲೆಗಿಟ್ಟು ಚಪ್ಪಲಿಯಲ್ಲಿ ಕೆಲಸಕ್ಕೆ ಹೋದರೆ ‘ಇವರಿಗೆ ತಿಳಿವಳಿಕೆ ಇಲ್ಲ’ ಎನ್ನುತ್ತಿದ್ದರು. ಈ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಅಂಗಡಿಯ ಮಾತು. ಐಎಸ್‌ಐ ಗುರುತಿದ್ದರೆ ಸಾಕೇ ಎಂದರೆ, ಸಾಲದು. ಸಿಮೆಂಟ್ ಚೀಲದ ಮೇಲೂ ಐಎಸ್‌ಐ ಇದೆ, ನೀರಿನ ಬಾಟಲಿ ಮೇಲೂ ಇದೆ. ನೀವು ಓದಬೇಕಾದ್ದು ಆ ಗುರುತಿನ ನೆತ್ತಿಯ ಮೇಲಿರುವ ನಂಬರನ್ನು. ಯಾವ ಅಪಾಯವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಸ್ತುವನ್ನು ಪರೀಕ್ಷಿಸಿದ್ದಾರೆ ಎಂಬುದನ್ನು ಆ ನಂಬರ್ ಹೇಳುತ್ತದೆ. ಆ ಒಂದು ಅಪಾಯದ ಆಚೆಗೆ ಅದು ಯಾವ ಭರವಸೆಯನ್ನೂ ಕೊಡುವುದಿಲ್ಲ.

ಪಾಳಿ ಬಿಟ್ಟ ಹೊತ್ತಿಗೆ ಗಿಣಿಗೇರಾ ರಸ್ತೆಯಲ್ಲಿ ನಿಂತು ನೋಡಿ. ಕಾರ್ಖಾನೆಯ ಹಳದಿ ಹೆಲ್ಮೆಟ್ಟನ್ನೇ ಹಾಕಿಕೊಂಡು ಬೈಕ್ ಮೇಲೆ ಊರಿಗೆ ಹೋಗುವವರು ಎಷ್ಟು ಜನ! ಅದರ ಮೇಲೆ ಐಎಸ್‌ಐ ಇರಬಹುದು, ಆದರೆ ನಂಬರ್ ಐಎಸ್ 2925. ಅದು ಮೇಲಿನಿಂದ ಬೀಳುವ ಬೋಲ್ಟು, ಕಲ್ಲಿನ ತುಂಡಿಗಾಗಿ ಮಾಡಿದ್ದು. ಬೈಕಿನ ಹೆಲ್ಮೆಟ್ ಐಎಸ್ 4151. ಅದರೊಳಗೆ ದಪ್ಪನೆಯ ಥರ್ಮೊಕೋಲಿನಂಥ ಪದರ ಇರುತ್ತದೆ. ತಲೆ ರಸ್ತೆಗೆ ಬಡಿದಾಗ ಆ ಪದರ ನುಚ್ಚಾಗಿ ಪೆಟ್ಟನ್ನು ತಾನು ತಿನ್ನುತ್ತದೆ. ಹಳದಿ ಹೆಲ್ಮೆಟ್‌ನಲ್ಲಿ ಪೆಟ್ಟು ತಡೆಯುವುದು ಒಳಗಿನ ಪಟ್ಟಿಗಳ ಜಾಲ, ಮತ್ತು ಆ ಜಾಲಕ್ಕೂ ಚಿಪ್ಪಿಗೂ ನಡುವೆ ಇರುವ ಖಾಲಿ ಜಾಗ. ಎರಡೂ ಅಸಲಿ, ಎರಡೂ ಐಎಸ್‌ಐ. ಅದಲು ಬದಲಾದರೆ ಮಾತ್ರ ಎರಡೂ ದಂಡ. ನಿಮ್ಮ ಹುಡುಗರಿಗೆ ಇದೊಂದನ್ನು ನಾಳೆಯೇ ಹೇಳಿ.

ಅಸಲಿ ನಕಲಿ ಗುರುತಿಸುವ ಬಗೆ ಹೀಗೆ. ಐಎಸ್‌ಐ ಗುರುತಿನ ಮೇಲೆ ಐಎಸ್ ನಂಬರ್, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್, ಎರಡೂ ಇರಬೇಕು. ಬರೀ ಗುರುತಿದ್ದು ನಂಬರ್ ಇಲ್ಲದಿದ್ದರೆ ಅಲ್ಲಿಗೇ ಕೈಬಿಡಿ. ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಎಂಬ ಆ್ಯಪ್ ಪುಕ್ಕಟೆ ಸಿಗುತ್ತದೆ. ಅಂಗಡಿಯಲ್ಲೇ ನಿಂತು ಆ ಸಿಎಂ/ಎಲ್ ನಂಬರ್ ಹಾಕಿದರೆ ಯಾವ ಕಂಪನಿ, ಯಾವ ವಸ್ತುವಿಗೆ ಲೈಸೆನ್ಸ್, ಅದು ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ಎರಡು ನಿಮಿಷದ ಕೆಲಸ. ಅಂಗಡಿಯವರು ಬೇಸರಪಟ್ಟುಕೊಂಡರೂ ಮಾಡಿ.

ಐಎಸ್‌ಒ 9001 ಸರ್ಟಿಫಿಕೇಟ್ ತೋರಿಸುವವರ ಮಾತಿಗೆ ಮರುಳಾಗಬೇಡಿ. ಅದು ಆ ಕಂಪನಿಯ ಆಡಳಿತ ಕ್ರಮಕ್ಕೆ ಸಿಕ್ಕ ಪತ್ರ. ಶೂ ಮೇಲೆ ಕಬ್ಬಿಣ ಬಿದ್ದರೆ ಏನಾಗುತ್ತದೆ ಎಂದು ಅದು ಹೇಳುವುದಿಲ್ಲ. ಸಿಇ ಯುರೋಪಿನ ಗುರುತು, ಅಲ್ಲಿನ 2016/425 ಎಂಬ ನಿಯಮದ ಪ್ರಕಾರ ಹಾಕುವಂಥದ್ದು. ಆ ನಿಯಮ ಸಾಮಾನುಗಳನ್ನು ಮೂರು ವರ್ಗ ಮಾಡಿದೆ. ಸಣ್ಣಪುಟ್ಟ ಅಪಾಯದ ಮೊದಲ ವರ್ಗಕ್ಕೆ ತಯಾರಕ ತಾನೇ ಸಿಇ ಹಾಕಿಕೊಳ್ಳಬಹುದು. ಜೀವಕ್ಕೆ ಸಂಬಂಧಪಟ್ಟ ಮೂರನೇ ವರ್ಗದಲ್ಲಿ ಧೂಳಿನ ಮಾಸ್ಕ್ ಇದೆ, ಎತ್ತರದಲ್ಲಿ ಕಟ್ಟಿಕೊಳ್ಳುವ ಹಾರ್ನೆಸ್ ಇದೆ. ಇವುಗಳ ಮೇಲೆ ಸಿಇ ಪಕ್ಕದಲ್ಲಿ ನಾಲ್ಕು ಅಂಕಿಯ ಸಂಖ್ಯೆ ಇರಲೇಬೇಕು, ಪರೀಕ್ಷೆಯ ಮೇಲೆ ಕಣ್ಣಿಟ್ಟ ಸಂಸ್ಥೆಯ ಸಂಖ್ಯೆ ಅದು. ಮಾಸ್ಕ್ ಮೇಲೆ ಬರೀ ಸಿಇ ಇದ್ದರೆ ಅನುಮಾನಪಡಿ.

ಈಗ ನಿಮ್ಮ ಕೆಲಸಗಳಿಗೆ ಬರೋಣ. ಬರುವಾಗ ಅಂಗಡಿಯ ಪಟ್ಟಿ ಬದಿಗಿಟ್ಟು ಬನ್ನಿ. ಒಂದು ನೋಟ್‌ಬುಕ್ ಹಿಡಿದು ಒಂದು ದಿನ ನಿಮ್ಮ ಜನ ಕೆಲಸ ಮಾಡುವ ಕಡೆಯೆಲ್ಲ ನಡೆದಾಡಿ. ಏನು ಬೀಳುತ್ತದೆ, ಏನು ಸಿಡಿಯುತ್ತದೆ, ಏನು ಸುಡುತ್ತದೆ, ಉಸಿರಲ್ಲಿ ಏನು ಒಳಗೆ ಹೋಗುತ್ತದೆ ಎಂದು ಬರೆದುಕೊಳ್ಳಿ. ಆಮೇಲೆ ಅದಕ್ಕೆ ತಕ್ಕ ನಂಬರ್ ಹುಡುಕಿ.

ಉಸಿರಿನ ವಿಷಯವನ್ನೇ ನಾನು ಹೆಚ್ಚು ಬರೆಯುತ್ತೇನೆ. ತಪ್ಪು ತಿಳಿವಳಿಕೆ ಅಲ್ಲೇ ಹೆಚ್ಚು, ಅಲ್ಲಿ ಆದ ಹಾನಿ ಕಣ್ಣಿಗೂ ಕಾಣುವುದಿಲ್ಲ.

ಕ್ರಷರ್ ಕೆಳಗೆ ಮಾಲು ಎತ್ತುವ ಹೆಣ್ಣುಮಕ್ಕಳು ಸೆರಗು ಮೂಗಿಗೆ ಕಟ್ಟಿಕೊಂಡಿರುತ್ತಾರೆ. ಗಂಡಸರು ಟವೆಲ್ ಸುತ್ತಿಕೊಂಡಿರುತ್ತಾರೆ. ಮೂಗಿಗೆ ಕಪ್ಪಗೆ ಹತ್ತುವ ದಪ್ಪ ಧೂಳನ್ನು ಬಟ್ಟೆ ತಡೆದೀತು. ಪುಪ್ಪುಸದ ತಳಕ್ಕೆ ಇಳಿಯುವುದು ಕಣ್ಣಿಗೆ ಕಾಣದ ಸಣ್ಣ ಕಣ, ಅದು ಬಟ್ಟೆಯ ನೇಯ್ಗೆಯೊಳಗೆ ಸಲೀಸಾಗಿ ನುಗ್ಗುತ್ತದೆ. ಅದಿರು ಮತ್ತು ಕಲ್ಲಿನಲ್ಲಿ ಸಿಲಿಕಾ ಇದ್ದರೆ ಆ ಕಣವೇ ಸಿಲಿಕೋಸಿಸ್ ತರುತ್ತದೆ. ಕುಷ್ಟಗಿ ಕಡೆ ಗ್ರಾನೈಟ್ ಒಡೆಯುವವರಿಗೂ, ಹಟ್ಟಿಯಂಥ ಗಣಿಗಳ ಒಳಗೆ ಬಂಡೆ ಕೊರೆಯುವವರಿಗೂ ಇರುವ ಅಪಾಯ ಇದೇ. ಒಮ್ಮೆ ಬಂದರೆ ವಾಸಿ ಮಾಡುವ ಔಷಧಿ ಇಲ್ಲ, ಅದರ ಬೆನ್ನಿಗೇ ಕ್ಷಯವೂ ಸುಲಭವಾಗಿ ಹತ್ತುತ್ತದೆ. ‘ದಮ್ಮು’ ಎಂದುಕೊಂಡು ವರ್ಷಗಟ್ಟಲೆ ಮಾತ್ರೆ ನುಂಗಿದವರನ್ನು ನಾನು ಕಂಡಿದ್ದೇನೆ.

ಧೂಳಿನ ಮಾಸ್ಕಿಗೆ ನಮ್ಮ ನಂಬರ್ ಐಎಸ್ 9473. ಅದರಲ್ಲಿ ಎಫ್‌ಎಫ್‌ಪಿ1, 2, 3 ಎಂದು ಮೂರು ದರ್ಜೆ. ಪರೀಕ್ಷೆಯ ಕಣಗಳಲ್ಲಿ ಮೊದಲನೆಯದು ಕನಿಷ್ಠ 80, ಎರಡನೆಯದು 94 ಶೇಕಡ ತಡೆಯಬೇಕು, ಮೂರನೆಯದು ಅದಕ್ಕಿಂತಲೂ ಹೆಚ್ಚು. ಎನ್95 ಅಮೆರಿಕದ ದರ್ಜೆ, ಹೆಚ್ಚುಕಡಿಮೆ ಎಫ್‌ಎಫ್‌ಪಿ2ಕ್ಕೆ ಸಮ. ಕ್ರಷರ್ ಕೆಳಗಿನ ಕೆಲಸಕ್ಕೆ ಎಫ್‌ಎಫ್‌ಪಿ2ಕ್ಕಿಂತ ಕೆಳಗೆ ಇಳಿಯಬೇಡಿ. ಕಲ್ಲಿನ ಧೂಳು ದಟ್ಟವಾಗಿದ್ದರೆ ಮೂರನೆಯದೇ ಬೇಕು. ಮಾಸ್ಕ್ ಮೇಲೆ ಎನ್‌ಆರ್ ಎಂದಿದ್ದರೆ ಒಂದು ಪಾಳಿಗೆ ಮಾತ್ರ ಎಂದರ್ಥ. ವಾರಕ್ಕೊಂದು ಕೊಟ್ಟು ‘ಕೊಟ್ಟಿದ್ದೇವೆ’ ಎಂದು ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಂಡರೆ ಆರು ದಿನದಲ್ಲಿ ಐದು ದಿನ ಅವರಿಗೆ ಮಾಸ್ಕೇ ಇಲ್ಲ. ತೊಳೆದರಂತೂ ಅದರೊಳಗಿನ, ಕಣಗಳನ್ನು ಎಳೆದು ಹಿಡಿಯುವ ವಿದ್ಯುದಾವೇಶ ಹೋಗಿ ಬರೀ ಬಟ್ಟೆಯಾಗುತ್ತದೆ.

ಇನ್ನೊಂದು ಮುಖ್ಯ ಮಾತು. 94 ಶೇಕಡ ಎಂಬುದು ಮಾಸ್ಕಿನ ಮೂಲಕ ಹಾದ ಗಾಳಿಯ ಲೆಕ್ಕ. ಕೆನ್ನೆಯ ಸಂದಿಯಿಂದ ನುಗ್ಗಿದ ಗಾಳಿಗೆ ಆ ಲೆಕ್ಕವಿಲ್ಲ. ಆದ್ದರಿಂದ ಕಿವಿಗೆ ಸಿಕ್ಕಿಸುವ ದಾರಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಬರುವ ಮಾಸ್ಕ್ ತನ್ನಿ. ಹಾಕಿಕೊಂಡ ಮೇಲೆ ಮೂಗಿನ ತಂತಿ ಒತ್ತಿ, ಎರಡೂ ಅಂಗೈ ಮುಚ್ಚಿ ಜೋರಾಗಿ ಉಸಿರು ಬಿಡಲು ಹೇಳಿ. ಅಂಚಿನಿಂದ ಗಾಳಿ ಬಂದರೆ ಸರಿಯಾಗಿ ಕೂತಿಲ್ಲ. ಎರಡು ದಿನದ ಕುರುಚಲು ಗಡ್ಡವೂ ಸಂದಿ ಮಾಡುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಕಿಲ್ನ್. ಸ್ಪಾಂಜ್ ಐರನ್ ಆಗುವುದೇ ಕಾರ್ಬನ್ ಮಾನಾಕ್ಸೈಡ್‌ನಿಂದ. ಅದಿರು, ಕಲ್ಲಿದ್ದಲು ಎರಡನ್ನೂ 1000 ಡಿಗ್ರಿ ಆಸುಪಾಸಿನಲ್ಲಿ ಕಾಯಿಸಿದಾಗ ಆ ಅನಿಲವೇ ಅದಿರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಮನುಷ್ಯನ ರಕ್ತಕ್ಕೆ ಹೋದರೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಕೆಮ್ಮು ಬರುವುದಿಲ್ಲ. ಎನ್95 ಇರಲಿ, ಎಫ್‌ಎಫ್‌ಪಿ3 ಇರಲಿ, ಧೂಳಿನ ಯಾವ ಮಾಸ್ಕೂ ಅದನ್ನು ತಡೆಯುವುದಿಲ್ಲ.

ಒಂದು ಕಾರ್ಖಾನೆಯ ಶಟ್‌ಡೌನ್‌ನಲ್ಲಿ ಇದನ್ನು ಕಣ್ಣಾರೆ ಕಂಡೆ. ಗಾಳಿ ಕೊಳವೆಯೊಳಗೆ ಬೂದಿ ತೆಗೆಯಲು ಇಳಿದ ಹುಡುಗ ಬಿಳಿ ಮಾಸ್ಕ್ ಹಾಕಿಕೊಂಡಿದ್ದ. ಅವನು ಕುಸಿದದ್ದು ನೋಡಿ ಎತ್ತಲು ಇಳಿದವನೂ ಅಂಥದೇ ಮಾಸ್ಕ್ ಹಾಕಿಕೊಂಡಿದ್ದ, ಅವನೂ ಕುಸಿದ. ಹಗ್ಗ ಹಾಕಿ ಇಬ್ಬರನ್ನೂ ಎಳೆದೆವು, ಇಬ್ಬರೂ ಉಳಿದರು. ಎರಡನೆಯವನು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ಕೇಳಿದ್ದು ಇಷ್ಟೇ: “ಸಾಹೇಬ್ರ, ಮಾಸ್ಕ್ ಹಾಕ್ಕೊಂಡಿದ್ನೆಲ್ರಿ?” ಆ ಮಾಸ್ಕನ್ನು ಕೊಟ್ಟವರು ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಅವನಿಗೆ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಆ ಪ್ರಶ್ನೆ ಇವತ್ತಿಗೂ ನನ್ನನ್ನು ಕಾಡುತ್ತದೆ.

ಆದ್ದರಿಂದ ಕಿಲ್ನ್, ಕೊಳವೆ, ಮಾಲು ತುಂಬಿಡುವ ಬಂಕರ್ ಒಳಗಿನ ಕೆಲಸಕ್ಕೆ ನಿಮ್ಮ ಸ್ಟೋರಿನ ಯಾವ ಮಾಸ್ಕನ್ನೂ ಕೊಟ್ಟು ಕಳಿಸಬೇಡಿ. ಮೊದಲು ಕಾರ್ಖಾನೆಯವರು ಒಳಗಿನ ಗಾಳಿಯನ್ನು ಮೀಟರಿನಿಂದ ಅಳೆದು, ಲಿಖಿತ ಪರ್ಮಿಟ್ ಕೊಡಬೇಕು. ಆಮ್ಲಜನಕ 19.5 ಶೇಕಡಕ್ಕಿಂತ ಕಡಿಮೆಯಿದ್ದರೆ ಸೋಸುವ ಯಾವ ಸಾಧನವೂ ಕೆಲಸಕ್ಕೆ ಬಾರದು, ಗ್ಯಾಸ್ ಡಬ್ಬಿ ಹಾಕಿದ ರೆಸ್ಪಿರೇಟರ್ ಕೂಡ. ಎಷ್ಟು ಸೋಸಿದರೂ ಅಲ್ಲಿ ಸಾಕಷ್ಟು ಆಮ್ಲಜನಕವೇ ಇರುವುದಿಲ್ಲ. ಬೆನ್ನಿಗೆ ಸಿಲಿಂಡರ್ ಹೊತ್ತು ಹೋಗುವ ಉಸಿರಾಟದ ಸೆಟ್ ಬೇಕು, ಇಲ್ಲವೇ ಗಾಳಿ ಸರಿಯಾಗುವವರೆಗೆ ಇಳಿಯಬಾರದು. ಹೊರಗೆ ಒಬ್ಬ ಕಾಯುತ್ತಿರಬೇಕು, ಮತ್ತು ಆ ಕಾಯುವವನು ಏನೇ ಆದರೂ ಒಳಗೆ ಹಾರಬಾರದು. ನಿಮ್ಮ ಜನರ ಜೇಬಿಗೆ ಸಿಕ್ಕಿಸುವ ಕಾರ್ಬನ್ ಮಾನಾಕ್ಸೈಡ್ ಮೀಟರ್ ಕೇಳಿ ಪಡೆಯಿರಿ. ನಿಮ್ಮ ಬಜೆಟ್‌ನಲ್ಲಿ ಒಂದೇ ದುಬಾರಿ ವಸ್ತುವಿಗೆ ಜಾಗ ಇದ್ದರೆ ಅದು ಇದಾಗಲಿ.

ಶೂ ವಿಷಯಕ್ಕೆ ಐಎಸ್ 15298. ಇದರಲ್ಲಿ ಭಾಗಗಳಿವೆ, ಅಂಗಡಿಯವರು ಆಟ ಆಡುವುದು ಇಲ್ಲೇ. ಎರಡನೇ ಭಾಗದ ಶೂ ಮುಂದಿನ ಟೋಪಿ 200 ಜೂಲ್ ಪೆಟ್ಟು ತಡೆಯಬೇಕು, ಅಂದರೆ 20 ಕಿಲೋ ತೂಕ ಒಂದು ಮೀಟರ್ ಎತ್ತರದಿಂದ ಬಿದ್ದರೂ ಒಳಗೆ ಬೆರಳಿಗೆ ಜಾಗ ಉಳಿಯಬೇಕು. ಮೂರನೇ ಭಾಗದ್ದು 100 ಜೂಲ್ ಅಷ್ಟೇ. ನಾಲ್ಕನೇ ಭಾಗದ್ದಕ್ಕೆ ಟೋಪಿಯ ಷರತ್ತೇ ಇಲ್ಲ. ಈ ಮೂರೂ ಬಗೆಯ ಶೂ ಮೇಲೆ ‘ಐಎಸ್ 15298’ ಎಂದೇ ಬರೆದಿರುತ್ತದೆ. ನಿಮಗೆ ಬೇಕಾದ್ದು ಎರಡನೆಯದು. ಕೆಲಸಕ್ಕೆ ಹಾಕುವ ಈ ಶೂಗಳಿಗೆ ಐಎಸ್‌ಐ ಕಡ್ಡಾಯ ಮಾಡುವ ಆದೇಶವನ್ನು ಕೇಂದ್ರ ಸರ್ಕಾರ 2020ರಲ್ಲೇ ಹೊರಡಿಸಿದೆ. ಹಾಗಾಗಿ ಗುರುತಿಲ್ಲದ್ದನ್ನು ‘ಇದೂ ಅಷ್ಟೇ ಗಟ್ಟಿ’ ಎಂದು ಮಾರಲು ಬಂದವರನ್ನು ವಾಪಸ್ ಕಳಿಸಿ. ಸೋಲ್ ವಿಷಯದಲ್ಲಿ ಪಿ ಅಕ್ಷರ ಇದ್ದರೆ ಮೊಳೆ ಚುಚ್ಚದ ಹಾಳೆ ಒಳಗಿದೆ ಎಂದು, ಎಚ್‌ಆರ್‌ಒ ಎಂದಿದ್ದರೆ ಸೋಲ್ 300 ಡಿಗ್ರಿ ಬಿಸಿಯನ್ನು ಒಂದು ನಿಮಿಷ ತಾಳುತ್ತದೆ ಎಂದು. ಕಿಲ್ನ್ ಹತ್ತಿರ ಓಡಾಡುವವರಿಗೆ ನೈಟ್ರೈಲ್ ರಬ್ಬರ್ ಸೋಲ್‌ನ ಎಚ್‌ಆರ್‌ಒ ಕೊಡಿ. ಹಗುರ ಎಂದು ಎಲ್ಲರೂ ಇಷ್ಟಪಡುವ ಪಿಯು (ಪಾಲಿಯುರೆಥೇನ್) ಸೋಲ್ ಬಿಸಿಗೆ ಮೆತ್ತಗಾಗುತ್ತದೆ. ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದರೂ ತೇವಕ್ಕೆ ಒಳಗೇ ಪುಡಿಯಾಗುತ್ತದೆ. ಅಗ್ಗಕ್ಕೆ ಸಿಕ್ಕ ಹಳೇ ಸ್ಟಾಕ್ ಎತ್ತಬೇಡಿ.

ಗ್ಲೌಸ್‌ನಲ್ಲಿ ಒಂದೇ ಜಾತಿ ತಂದು ಎಲ್ಲರಿಗೂ ಹಂಚುವುದು ದೊಡ್ಡ ತಪ್ಪು. ಶೀಟ್ ಎತ್ತುವವರಿಗೆ ಹರಿತದಿಂದ ರಕ್ಷಣೆ ಬೇಕು, ಅದಕ್ಕೆ ಯುರೋಪಿನ ನಂಬರ್ ಇಎನ್ 388. ಸುತ್ತಿಗೆ ಚಿತ್ರದ ಕೆಳಗೆ ನಾಲ್ಕು ಅಂಕಿ, ಕೆಲವಕ್ಕೆ ಒಂದು ಅಕ್ಷರವೂ ಇರುತ್ತದೆ. ಅಂಕಿಗಳು ಕ್ರಮವಾಗಿ ಉಜ್ಜುವಿಕೆ, ಕೊಯ್ತ, ಹರಿಯುವಿಕೆ, ಚುಚ್ಚುವಿಕೆಯ ದರ್ಜೆ. ಎಕ್ಸ್ ಎಂದಿದ್ದರೆ ಆ ಪರೀಕ್ಷೆ ಮಾಡಿಲ್ಲ. ಬಿಸಿಗೆ ಇಎನ್ 407, ಬೆಂಕಿಯ ಚಿತ್ರದ ಕೆಳಗೆ ಆರು ಅಂಕಿ. ಎರಡನೆಯ ಅಂಕಿ ಬಿಸಿ ವಸ್ತು ಮುಟ್ಟುವುದಕ್ಕೆ ಸಂಬಂಧಿಸಿದ್ದು. ಅಲ್ಲಿ 1 ಇದ್ದರೆ 100 ಡಿಗ್ರಿ, 2 ಇದ್ದರೆ 250 ಡಿಗ್ರಿ, ಅದೂ 15 ಸೆಕೆಂಡ್ ಹೊತ್ತು. ಬಣ್ಣ ಅದ್ದಿದ ನೈಲಾನ್ ಗ್ಲೌಸ್ ಹಾಕಿಕೊಂಡು ಗ್ಯಾಸ್ ಕಟಿಂಗ್ ಮಾಡಿದರೆ ಅದು ಕರಗಿ ಚರ್ಮಕ್ಕೇ ಅಂಟುತ್ತದೆ. ಕಟಿಂಗ್, ವೆಲ್ಡಿಂಗ್‌ಗೆ ಚರ್ಮದ್ದೇ ಬೇಕು. ಡ್ರಿಲ್ಲಿಂಗ್ ಮಷಿನ್, ಲೇತ್ ಮುಂದೆ ನಿಲ್ಲುವವರಿಗೆ ಗ್ಲೌಸ್ ಬೇಡವೇ ಬೇಡ. ತಿರುಗುವ ಬಿಟ್ ಗ್ಲೌಸಿನ ತುದಿ ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ವೆಲ್ಡರ್‌ಗೆ ಐಎಸ್ 1179ರ ಗಾಜು, ಸಾಮಾನ್ಯ ಆರ್ಕ್ ಕೆಲಸಕ್ಕೆ 10 ಅಥವಾ 11ನೇ ಶೇಡ್ (ಗಾಜಿನ ಕಪ್ಪಿನ ದರ್ಜೆ). ಪಕ್ಕದಲ್ಲಿ ಹಿಡಿದು ನಿಲ್ಲುವ ಹೆಲ್ಪರ್‌ನನ್ನು ಮರೆಯಬೇಡಿ, ರಾತ್ರಿ ಕಣ್ಣಿಗೆ ಮರಳು ಬಿದ್ದಂತೆ ನರಳುವವನು ಅವನೇ. ಗ್ರೈಂಡರ್‌ನವನಿಗೆ ಕನ್ನಡಕದ ಮೇಲೆ ಮುಖದ ಶೀಲ್ಡ್ ಕೂಡ ಬೇಕು. ಕಿವಿಯ ಪ್ಲಗ್ ಪ್ಯಾಕೆಟ್ ಮೇಲೆ 25 ಎಂದು ಬರೆದಿದ್ದರೆ ಸದ್ದು ಅಷ್ಟೂ ಡೆಸಿಬೆಲ್ ತಗ್ಗುತ್ತದೆ ಎಂದುಕೊಳ್ಳಬೇಡಿ. ಅದು ಎನ್‌ಆರ್‌ಆರ್ (ಸದ್ದು ತಗ್ಗಿಸುವ ಅಮೆರಿಕದ ಅಳತೆ) ಅಂಕಿಯಾಗಿದ್ದರೆ ಏಳು ಕಳೆದು ಅರ್ಧ ಮಾಡಿ, ಒಂಬತ್ತು ಡೆಸಿಬೆಲ್ ಹಿಡಿಯಿರಿ.

ಎತ್ತರದ ಕೆಲಸ ಇದ್ದರೆ ಸೊಂಟದ ಬೆಲ್ಟ್ ಬಿಟ್ಟು ಐಎಸ್ 3521ರ ಪೂರ್ತಿ ಮೈ ಹಾರ್ನೆಸ್ ತನ್ನಿ. ಬೀಳುವವನನ್ನು ಸೊಂಟದ ಬೆಲ್ಟ್ ಹಿಡಿದರೆ ಬೆನ್ನುಮೂಳೆ, ಹೊಟ್ಟೆ ಉಳಿಯುವುದಿಲ್ಲ. ಇನ್ನೊಂದು ಲೆಕ್ಕ ಯಾರೂ ಹೇಳುವುದಿಲ್ಲ. ಎರಡು ಮೀಟರ್ ಹಗ್ಗ, ಪೆಟ್ಟು ಹೀರುವ ಪ್ಯಾಕ್ ಬಿಚ್ಚಿಕೊಳ್ಳುವ ಉದ್ದ, ಮನುಷ್ಯನ ಎತ್ತರ ಎಲ್ಲ ಕೂಡಿದರೆ ಕೊಕ್ಕೆ ಹಾಕಿದ ಜಾಗದ ಕೆಳಗೆ ಆರು ಮೀಟರಿಗೂ ಹೆಚ್ಚು ಖಾಲಿ ಇರಬೇಕು. ನಾಲ್ಕು ಮೀಟರ್ ಎತ್ತರದಲ್ಲಿ ಆ ಹಗ್ಗ ಕಾಲ ಬಳಿ ಕಟ್ಟಿದರೆ ಅದು ಹಿಡಿದು ನಿಲ್ಲಿಸುವ ಮೊದಲೇ ನೆಲ ಸಿಗುತ್ತದೆ. ತಲೆಗಿಂತ ಮೇಲೆ ಕೊಕ್ಕೆ ಹಾಕಿಸಿ. ಒಮ್ಮೆ ಬಿದ್ದವನನ್ನು ಹಿಡಿದ ಹಾರ್ನೆಸ್ ಮತ್ತೆ ಬಳಸಬಾರದು.

‘ಹಾಕಿಕೊಳ್ಳುವುದಿಲ್ಲ’ ಎಂದಿರಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ, ಕಿಲ್ನ್ ಪಕ್ಕದ ಬಿಸಿ ಬೇರೆ. ಅಲ್ಲಿ ಎಂಟು ತಾಸು ಮಾಸ್ಕ್ ಹಾಕಿಕೊಂಡಿರು ಎನ್ನುವವರು ತಾವು ಅರ್ಧ ತಾಸು ಹಾಕಿಕೊಂಡು ನೋಡಲಿ. ಕ್ರಷರ್ ಮೇಲೆ ನೀರು ಸಿಂಪಡಿಸುವ ನಳಿಗೆ ಕಟ್ಟಿಕೊಂಡಿದ್ದರೆ ಅದನ್ನು ಬಿಡಿಸಲು ಹೇಳಿ, ಧೂಳು ಅಲ್ಲೇ ಅರ್ಧ ಸಾಯುತ್ತದೆ. ಭಾರಿ ಕೆಲಸ ನಸುಕಿಗೆ ಹಾಕಿಸಿ, ನೆರಳು ನೀರು ಕೊಟ್ಟು ಸರದಿ ಮೇಲೆ ಬಿಡುವು ಕೊಡಿಸಿ. ಉಸಿರು ಬಿಡಲು ವಾಲ್ವ್ ಇರುವ ಮಾಸ್ಕ್ ಬಿಸಿಲಿಗೆ ಹಿತ. ಮಾಸ್ಕ್, ಗ್ಲೌಸ್ ಎಲ್ಲ ಕೊನೆಯ ಬೇಲಿ. ಅಪಾಯವನ್ನು ಮೂಲದಲ್ಲೇ ತಗ್ಗಿಸಿದಷ್ಟೂ ಅವನ್ನು ಹಾಕಿಕೊಳ್ಳುವ ಹೊತ್ತು ಕಡಿಮೆಯಾಗುತ್ತದೆ, ಆಗ ಹಾಕಿಕೊಳ್ಳುತ್ತಾರೆ.

ಮತ್ತೆ ಹೆಣ್ಣುಮಕ್ಕಳ ಮಾತು. ಹನ್ನೊಂದು ಜನರ ಕಾಲನ್ನೂ ಹಾಳೆಯ ಮೇಲೆ ಇಟ್ಟು ಗೆರೆ ಎಳೆದುಕೊಂಡು ಅಂಗಡಿಗೆ ಹೋಗಿ. ನಾಲ್ಕು, ಐದು ನಂಬರಿನ ಸೇಫ್ಟಿ ಶೂ ತಯಾರಾಗುತ್ತವೆ, ಅಂಗಡಿಯವನು ಇಟ್ಟಿರುವುದಿಲ್ಲ ಅಷ್ಟೇ, ಹೇಳಿ ತರಿಸಿ. ಗ್ಲೌಸೂ ಸಣ್ಣದು ಬೇಕು, ಬೆರಳ ತುದಿಯಲ್ಲಿ ಜೋತಾಡುವ ಗ್ಲೌಸ್ ಕನ್ವೇಯರ್‌ಗೆ ಸಿಕ್ಕುತ್ತದೆ. ಸೆರಗಿನದೂ ಅದೇ ಭಯ. ಸೀರೆಯ ಮೇಲೆ ಅಂಗಿ ತೊಟ್ಟರೂ ಕನ್ವೇಯರ್‌ನ ತುದಿಯಲ್ಲಿ ತಿರುಗುವ ಡ್ರಮ್ ಹತ್ತಿರ ನಿಶ್ಚಿಂತೆ ಇಲ್ಲ. ಅಲ್ಲಿ ಕೆಲಸ ಮಾಡುವವರ ಜೊತೆ ಕೂತು ಮಾತಾಡಿ, ಅವರಿಗೆ ಒಪ್ಪುವ ಪ್ಯಾಂಟು ಅಂಗಿ ಹೊಲಿಸಿ, ಹತ್ತಿ ಬಟ್ಟೆಯದ್ದು. ಟೆರಿಕಾಟ್ ಕಿಡಿ ಬಿದ್ದರೆ ಕರಗಿ ಮೈಗಂಟುತ್ತದೆ.

ಕೂಲಿಯಲ್ಲಿ ಹಿಡಿಯುವುದು ತಪ್ಪು, ಕಾನೂನಿಗೂ ವಿರುದ್ಧ. 1948ರ ಕಾರ್ಖಾನೆ ಕಾಯ್ದೆಯ 114ನೇ ಕಲಂ ಇದನ್ನು ಸ್ಪಷ್ಟವಾಗಿ ತಡೆದಿತ್ತು, ಗುತ್ತಿಗೆದಾರರ ಮೂಲಕ ಬಂದವರೂ ಆ ಕಾಯ್ದೆಯಡಿ ಕಾರ್ಮಿಕರೇ ಆಗಿದ್ದರು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆಯ 6ನೇ ಕಲಂ ಕೂಡ ಸುರಕ್ಷತೆಗಾಗಿ ಮಾಡಿದ, ಕೊಟ್ಟ ಯಾವುದಕ್ಕೂ ಕಾರ್ಮಿಕರಿಂದ ಹಣ ಪಡೆಯಬಾರದು ಎನ್ನುತ್ತದೆ. ನಿಮ್ಮ ಸಾಹುಕಾರರಿಗೆ ಹೀಗೆ ಹೇಳಿ: ಈ ಖರ್ಚನ್ನು ಟೆಂಡರ್ ಹಾಕುವಾಗಲೇ ಬೇರೆ ಸಾಲಿನಲ್ಲಿ ತೋರಿಸಿ ಕಾರ್ಖಾನೆಯಿಂದ ಪಡೆಯಲಿ. ರೇಟಿನಲ್ಲಿ ಮುಳುಗಿಸಿಬಿಟ್ಟರೆ ಕೊನೆಗೆ ಅದನ್ನು ಕೊಡುವವನು ಕೂಲಿಯವನೇ.

ಇನ್ನು ಆ 30 ಹಳೆ ಹೆಲ್ಮೆಟ್. ಚಿಪ್ಪಿನ ಒಳಮೈಯಲ್ಲಿ ಗಡಿಯಾರದಂಥ ಸಣ್ಣ ವೃತ್ತ ಇರುತ್ತದೆ, ನಡುವೆ ವರ್ಷ, ಬಾಣ ತೋರಿಸುವುದು ತಿಂಗಳು. ತಯಾರಕರು ಹೇಳಿದ ಅವಧಿ ದಾಟಿದ್ದರೆ ಬಿಡಿ. ಬಿಸಿಲಿಗೆ ಹೊಳಪು ಹೋಗಿ ಸುಣ್ಣ ಸವರಿದಂತೆ ಆಗಿದ್ದರೆ, ಎರಡು ಅಂಗೈಯಲ್ಲಿ ಅದುಮಿದಾಗ ಚಟಚಟ ಸದ್ದು ಬಂದರೆ, ಬಣ್ಣ ಬಳಿದಿದ್ದರೆ, ಒಮ್ಮೆಯಾದರೂ ಪೆಟ್ಟು ತಿಂದಿದ್ದರೆ ಅವೂ ಬೇಡ. ಉಳಿದವು ಇದ್ದರೆ ಸೋಪಿನ ನೀರಲ್ಲಿ ತೊಳೆಯಿರಿ, ಥಿನ್ನರ್, ಪೆಟ್ರೋಲ್ ಮುಟ್ಟಿಸಬೇಡಿ, ಒಳಗಿನ ಪಟ್ಟಿಯ ಜಾಲ ಹೊಸದು ಹಾಕಿಸಿ. ಪಟ್ಟಿಗೂ ಚಿಪ್ಪಿಗೂ ನಡುವಿನ ಜಾಗದಲ್ಲಿ ಬೀಡಿ ಕಟ್ಟು, ಎಲೆ ಅಡಿಕೆ ಚೀಲ ಇಡಬಾರದೆಂದು ಕೊಡುವಾಗಲೇ ಹೇಳಿ, ಪೆಟ್ಟು ತಡೆಯುವುದೇ ಆ ಖಾಲಿ ಜಾಗ. ಕೆಟ್ಟವನ್ನು ಹಾಗೇ ಗುಜರಿಗೆ ಹಾಕಬೇಡಿ. ಗರಗಸದಿಂದ ಎರಡು ಹೋಳು ಮಾಡಿ ಹಾಕಿ. ಇಡಿಯಾಗಿ ಹೋದರೆ ಯಾವನೋ ಗೌಂಡಿ ಹುಡುಗ ಹತ್ತು ರೂಪಾಯಿ ಕೊಟ್ಟು ಎತ್ತಿಕೊಂಡು ತಲೆಗೆ ಹಾಕಿಕೊಳ್ಳುತ್ತಾನೆ.